ವೆಬ್ ಡೆವಲಪರ್ ಪ್ರಶ್ನೋತ್ತರ: ಹೊಸ ಬ್ರೌಸರ್ ಸೌಲಭ್ಯಗಳು ಎಲ್ಲಿ ಕೈಕೊಡುತ್ತವೆ, ಏಕೆ?

(ಕೋಡ್‌ನ ಪದಗಳನ್ನು ಇಲ್ಲಿ ಕನ್ನಡ ಅಕ್ಷರಗಳಲ್ಲೇ ಅಚ್ಚು ಮಾಡಿದ್ದೇವೆ. ಟೈಪ್ ಮಾಡುವಾಗ ಅವುಗಳ ಮೂಲ ಕಾಗುಣಿತವನ್ನೇ ಬಳಸಿ.)

ಪ್ರಶ್ನೆ: ಹೊಸ ಸಿಎಸ್ಎಸ್ ಸೌಲಭ್ಯದ ಬಗ್ಗೆ ಓದಿದಾಗಲೆಲ್ಲ ಬಳಸುವ ಆಸೆಯಾಗುತ್ತದೆ. ಎಲ್ಲರ ಬ್ರೌಸರ್‌ನಲ್ಲೂ ನಡೆಯುತ್ತದೋ ಇಲ್ಲವೋ ಎಂಬ ಅಳುಕಿನಿಂದ ಕೈಬಿಡುತ್ತೇನೆ. ನಿರ್ಧರಿಸಲು ಒಂದು ಅಳತೆಗೋಲು ಇದೆಯೇ?

ಉತ್ತರ: ಇದೆ. ಅದರ ಹೆಸರು ಬೇಸ್‌ಲೈನ್. ಕ್ರೋಮ್, ಎಡ್ಜ್, ಫೈರ್‌ಫಾಕ್ಸ್, ಸಫಾರಿ ಈ ನಾಲ್ಕರಲ್ಲೂ, ಮೊಬೈಲ್ ಆವೃತ್ತಿಗಳೂ ಸೇರಿ, ಒಂದು ಸೌಲಭ್ಯ ಬಂದ ದಿನ ಅದು ‘ಹೊಸದಾಗಿ ಲಭ್ಯ’ ಪಟ್ಟಿಗೆ ಸೇರುತ್ತದೆ. ಅಲ್ಲಿಂದ 30 ತಿಂಗಳು ಕಳೆದ ಮೇಲೆ ‘ವ್ಯಾಪಕವಾಗಿ ಲಭ್ಯ’ ಎನಿಸಿಕೊಳ್ಳುತ್ತದೆ. ಎರಡನೆಯ ಪಟ್ಟಿಯಲ್ಲಿರುವುದನ್ನು ಧೈರ್ಯವಾಗಿ ಬಳಸಿ. ಮೊದಲನೆಯ ಪಟ್ಟಿಯಲ್ಲಿರುವುದಕ್ಕೆ ಇನ್ನೊಂದು ಪ್ರಶ್ನೆ ಕೇಳಿಕೊಳ್ಳಬೇಕು: ಇದು ಇಲ್ಲದ ಬ್ರೌಸರ್‌ನಲ್ಲಿ ಪುಟಕ್ಕೆ ಏನಾಗುತ್ತದೆ?

ಈ ಪ್ರಶ್ನೆಗೆ ಮೂರು ಭಾಷೆಗಳಲ್ಲಿ ಮೂರು ಬೇರೆ ಬೇರೆ ಉತ್ತರಗಳಿವೆ. ಸಿಎಸ್ಎಸ್ ತನಗೆ ಅರ್ಥವಾಗದ ಸಾಲನ್ನು ಬಿಟ್ಟು ಮುಂದಕ್ಕೆ ಹೋಗುತ್ತದೆ. ಹಾಗಾಗಿ ಹಳೆಯ ಸಾಲನ್ನು ಮೊದಲು, ಹೊಸದನ್ನು ಅದರ ಕೆಳಗೆ ಬರೆದರೆ ಸಾಕು. ಆದರೆ ನಿಯಮ ಯಾವ ಅಂಶಗಳಿಗೆ ಎಂದು ಹೇಳುವ ಸೆಲೆಕ್ಟರ್‌ಗಳ ವಿಷಯ ಹಾಗಲ್ಲ. ಅಲ್ಪವಿರಾಮ ಹಾಕಿ ಜೋಡಿಸಿದ ಸೆಲೆಕ್ಟರ್‌ಗಳಲ್ಲಿ ಒಂದು ಅರ್ಥವಾಗದಿದ್ದರೂ ಇಡೀ ನಿಯಮ ಬಿದ್ದುಹೋಗುತ್ತದೆ. ಎಚ್‌ಟಿಎಂಎಲ್‌ನಲ್ಲಿ ಅಪರಿಚಿತ ಟ್ಯಾಗ್ ಇದ್ದರೆ ಅದರೊಳಗಿನ ಪಠ್ಯ ಸುಮ್ಮನೆ ಕಾಣಿಸುತ್ತದೆ. ಜಾವಾಸ್ಕ್ರಿಪ್ಟ್ ಮಾತ್ರ ಕರುಣೆ ತೋರುವುದಿಲ್ಲ. ಇಲ್ಲದ ಮೆಥಡ್ ಕರೆದರೆ ಆ ಸಾಲಿನಲ್ಲಿ ದೋಷ ಬಂದು ಮುಂದಿನ ಕೆಲಸ ನಿಲ್ಲುತ್ತದೆ. ಹೊಸ ಸಿಂಟ್ಯಾಕ್ಸ್ ಬಳಸಿದ್ದರೆ ಇಡೀ ಫೈಲೇ ಓಡುವುದಿಲ್ಲ. ಮೆಥಡ್ ಇದೆಯೇ ಎಂದು ‘ಇಫ್’ ಹಾಕಿ ನೋಡಬಹುದು, ಸಿಂಟ್ಯಾಕ್ಸನ್ನು ಹಾಗೆ ನೋಡಲಾಗುವುದಿಲ್ಲ. ಹೊಸ ಸಿಂಟ್ಯಾಕ್ಸ್‌ಗೆ ಬಿಲ್ಡ್ ಹಂತದಲ್ಲಿ ಪರಿವರ್ತನೆ ಬೇಕಾಗುವುದು ಇದೇ ಕಾರಣಕ್ಕೆ.

ಪಟ್ಟಿ ನೋಡಿ ಪರೀಕ್ಷೆ ಬಿಡಬೇಡಿ. ಪುಟದ ಮೇಲೆ ಪೆಟ್ಟಿಗೆ ತೆರೆಯುವ ಪಾಪ್‌ಓವರ್ ಸೌಲಭ್ಯ 2024ರ ಏಪ್ರಿಲ್ ಹೊತ್ತಿಗೆ ಎಲ್ಲ ಎಂಜಿನ್‌ಗಳಲ್ಲೂ (ಬ್ರೌಸರ್‌ನಲ್ಲಿ ಪುಟ ಚಿತ್ರಿಸುವ ಒಳಭಾಗ) ಇತ್ತು. ಆದರೂ ಐಫೋನ್‌ನಲ್ಲಿ 18.3ಕ್ಕೆ ಮೊದಲಿನ ಸಫಾರಿಯಲ್ಲಿ ಹೊರಗೆ ಮುಟ್ಟಿದರೆ ಪಾಪ್‌ಓವರ್ ಮುಚ್ಚುತ್ತಿರಲಿಲ್ಲ. ಒಳಗೊಂದು ‘ಮುಚ್ಚು’ ಬಟನ್ ಇಟ್ಟವರಿಗೆ ತೊಂದರೆಯಾಗಲಿಲ್ಲ, ಇಡದವರ ಬಳಕೆದಾರರು ಸಿಕ್ಕಿಹಾಕಿಕೊಂಡರು.

ಪ್ರಶ್ನೆ: ಕಾರ್ಡ್‌ಗೆ ‘ಕಂಟೇನರ್-ಟೈಪ್: ಇನ್‌ಲೈನ್-ಸೈಜ್’ ಹಾಕಿದ ತಕ್ಷಣ ಅದರ ಅಗಲ ಸೊನ್ನೆಯಾಗಿ ಮಾಯವಾಯಿತು. ಇನ್ನೊಂದು ಪುಟದಲ್ಲಿ ಅಗಲ ಸರಿಯಿದೆ, ಆದರೆ ‘@ಕಂಟೇನರ್’ ಒಳಗೆ ಬರೆದ ಹಿನ್ನೆಲೆ ಬಣ್ಣ ಬರುತ್ತಿಲ್ಲ. ಎಲ್ಲಿ ಎಡವಿದ್ದೇನೆ?

ಉತ್ತರ: ನೀವು ಬಳಸುತ್ತಿರುವುದು ಕಂಟೇನರ್ ಕ್ವೆರಿ, ಅಂದರೆ ಹೊರಗಿನ ಅಂಶದ (ಕಂಟೇನರ್‌ನ) ಅಳತೆ ನೋಡಿ ಒಳಗಿನದರ ಶೈಲಿ ಬದಲಿಸುವ ಸೌಲಭ್ಯ. ಎರಡು ತೊಂದರೆಗಳ ಬೇರು ಒಂದೇ. ಕಂಟೇನರ್ ಎಷ್ಟು ಅಗಲವಿದೆ ಎಂದು ನೋಡಿ ಒಳಗಿನದರ ಶೈಲಿ ನಿರ್ಧಾರವಾಗಬೇಕು. ಒಳಗಿನದನ್ನು ನೋಡಿಯೇ ಕಂಟೇನರ್‌ನ ಅಗಲವೂ ನಿರ್ಧಾರವಾಗುವಂತಿದ್ದರೆ ಲೆಕ್ಕ ಮುಗಿಯದೆ ಸುತ್ತುತ್ತಲೇ ಇರುತ್ತದೆ. ಅದನ್ನು ತಪ್ಪಿಸಲು ‘ಇನ್‌ಲೈನ್-ಸೈಜ್’ ಹಾಕಿದ ಅಂಶದ ಅಗಲವನ್ನು, ಅದರೊಳಗೆ ಏನೂ ಇಲ್ಲ ಎಂಬಂತೆ ಬ್ರೌಸರ್ ಅಳೆಯುತ್ತದೆ. ಸಾಮಾನ್ಯ ಬ್ಲಾಕ್ ಆಗಿದ್ದರೆ ಅಗಲ ಹೊರಗಿನಿಂದ ಬರುತ್ತದೆ, ಏನೂ ಆಗುವುದಿಲ್ಲ. ಫ್ಲೆಕ್ಸ್ ಸಾಲಿನ ಐಟಂ, ಫ್ಲೋಟ್, ಇನ್‌ಲೈನ್-ಬ್ಲಾಕ್, ಅಬ್ಸೊಲ್ಯೂಟ್ ಸ್ಥಾನದ ಅಂಶ ಇವೆಲ್ಲ ತಮ್ಮ ಅಗಲವನ್ನು ಒಳಗಿನ ಪಠ್ಯದಿಂದ ಪಡೆಯುವಂಥವು. ಒಳಗೆ ಏನೂ ಇಲ್ಲ ಎಂದಾದರೆ ಅಗಲ ಸೊನ್ನೆಗೆ ಇಳಿಯುತ್ತದೆ. ನಿಮ್ಮ ಮೊದಲ ಕಾರ್ಡ್ ಫ್ಲೆಕ್ಸ್ ಸಾಲಿನಲ್ಲಿ ಇರಬೇಕು. ಅದಕ್ಕೆ ‘ಫ್ಲೆಕ್ಸ್: 1’ ಕೊಡಿ, ಇಲ್ಲವೇ ‘1ಎಫ್‌ಆರ್’ ಅಂಕಣಗಳ ಗ್ರಿಡ್‌ಗೆ ಬದಲಾಯಿಸಿ.

ಎರಡನೆಯದಕ್ಕೆ ಕಾರಣ, ಕಂಟೇನರ್ ತನ್ನ ಅಳತೆ ನೋಡಿ ತನ್ನದೇ ಶೈಲಿ ಬದಲಿಸಿಕೊಳ್ಳಲಾರದು. ‘@ಕಂಟೇನರ್’ ನಿಯಮ ಅದರ ಒಳಗಿನ ಅಂಶಗಳಿಗೆ ಮಾತ್ರ ತಗಲುತ್ತದೆ. ಆದ್ದರಿಂದ ಯಾವಾಗಲೂ ಎರಡು ಪದರ ಇರಲಿ: ಹೊರಗೆ ಅಳತೆಗಾಗಿ ಒಂದು ಹೊದಿಕೆ, ಅದರೊಳಗೆ ನಿಜವಾದ ಕಾರ್ಡ್. ಹಿನ್ನೆಲೆ, ಪ್ಯಾಡಿಂಗ್, ಗ್ರಿಡ್ ಎಲ್ಲವೂ ಒಳಗಿನ ಕಾರ್ಡ್‌ಗೆ.

ಇದರ ಜೊತೆಗೆ ಪದೇ ಪದೇ ಕಾಣುವ ಇನ್ನೂ ಕೆಲವು ಎಡವಟ್ಟುಗಳಿವೆ. ‘ಇನ್‌ಲೈನ್-ಸೈಜ್’ ಕಂಟೇನರ್‌ನಲ್ಲಿ ಎತ್ತರದ ಪ್ರಶ್ನೆ ಕೇಳಿದರೆ ಆ ಕಂಟೇನರ್ ಉತ್ತರಿಸುವುದಿಲ್ಲ. ಎತ್ತರಕ್ಕೆ ‘ಸೈಜ್’ ಎಂಬ ಬೆಲೆ ಬೇಕು. ಅದನ್ನು ಹಾಕಿದರೆ ಎತ್ತರವನ್ನೂ ನೀವೇ ಕೊಡಬೇಕು, ಇಲ್ಲದಿದ್ದರೆ ಈ ಬಾರಿ ಎತ್ತರ ಸೊನ್ನೆಯಾಗುತ್ತದೆ. ಷರತ್ತಿನೊಳಗೆ ‘ವಾರ್()’ ಬಳಸಿ ಅಳತೆ ಕೊಡಲಾಗದು, 400 ಪಿಕ್ಸೆಲ್ ಎಂದೇ ಬರೆಯಬೇಕು. ಕಂಟೇನರ್‌ಗಳು ಒಂದರೊಳಗೊಂದು ಇದ್ದರೆ ತೀರ ಹತ್ತಿರದ್ದು ಉತ್ತರ ಕೊಡುತ್ತದೆ. ನಿಮಗೆ ಬೇಕಾದ್ದು ಹೊರಗಿನದಾದರೆ ‘ಕಂಟೇನರ್-ನೇಮ್’ ಕೊಟ್ಟು ಹೆಸರು ಹಿಡಿದು ಕರೆಯಿರಿ.

ಈ ಸೌಲಭ್ಯ 2023ರ ಫೆಬ್ರವರಿಯಲ್ಲಿ ಫೈರ್‌ಫಾಕ್ಸ್ 110ರೊಂದಿಗೆ ಎಲ್ಲ ಎಂಜಿನ್‌ಗಳಿಗೂ ಬಂದಿತು. ಪುಟದ ಒಟ್ಟು ವಿನ್ಯಾಸಕ್ಕೆ ಇಡೀ ತೆರೆಯ ಅಳತೆ ನೋಡುವ ಮೀಡಿಯಾ ಕ್ವೆರಿ, ಎಲ್ಲಿ ಬೇಕಾದರೂ ಕೂರಬೇಕಾದ ಬಿಡಿಭಾಗಕ್ಕೆ ಕಂಟೇನರ್ ಕ್ವೆರಿ ಎಂದು ಹಂಚಿಕೊಂಡರೆ ಗೊಂದಲವಿರುವುದಿಲ್ಲ.

ಪ್ರಶ್ನೆ: ಪುಟದ ಮೇಲೆ ತೆರೆದುಕೊಳ್ಳುವ ಪೆಟ್ಟಿಗೆಗಳಿಗೆ ಈವರೆಗೆ ಲೈಬ್ರರಿ ಬಳಸುತ್ತಿದ್ದೆವು. ಈಗ ‘ಡೈಲಾಗ್’ ಟ್ಯಾಗ್ ಬಳಸಬೇಕೋ, ‘ಪಾಪ್‌ಓವರ್’ ಬಳಸಬೇಕೋ? ಡೈಲಾಗ್ ಪ್ರಯತ್ನಿಸಿದಾಗ ಮುಚ್ಚಿದ ಪೆಟ್ಟಿಗೆಯೂ ಪುಟದಲ್ಲಿ ಕಾಣಿಸುತ್ತಿತ್ತು.

ಉತ್ತರ: ಲೈಬ್ರರಿಯನ್ನು ಕೈಬಿಡಲು ಇದು ಒಳ್ಳೆಯ ಸಮಯ. ಯಾವುದನ್ನು ಆರಿಸಬೇಕು ಎಂಬುದು ಒಂದೇ ಮಾತಿನಲ್ಲಿ ತೀರುತ್ತದೆ: ಪೆಟ್ಟಿಗೆ ತೆರೆದಿರುವಾಗ ಹಿಂದಿನ ಪುಟವನ್ನು ಮುಟ್ಟಬಾರದು ಎಂದಿದ್ದರೆ ಡೈಲಾಗ್, ಮುಟ್ಟಿದರೆ ತಪ್ಪಿಲ್ಲ, ಪೆಟ್ಟಿಗೆ ತಾನೇ ಸರಿದುಹೋಗಲಿ ಎಂದಿದ್ದರೆ ಪಾಪ್‌ಓವರ್. ಅಳಿಸುವ ಮುನ್ನ ಖಚಿತಪಡಿಸಿಕೊಳ್ಳುವುದು ಮೊದಲನೆಯ ಬಗೆ. ಮೆನು, ಸಣ್ಣ ವಿವರಣೆ, ಸೂಚನೆ ಎರಡನೆಯ ಬಗೆ.

ಡೈಲಾಗ್‌ನ ಶಕ್ತಿಯೆಲ್ಲ ‘ಶೋಮೋಡಲ್()’ ಕರೆಯಲ್ಲಿದೆ. ಆಗ ಪೆಟ್ಟಿಗೆ ಎಲ್ಲಕ್ಕಿಂತ ಮೇಲಿನ ಪದರಕ್ಕೆ ಹೋಗುತ್ತದೆ, ‘ಝಡ್-ಇಂಡೆಕ್ಸ್’ ಜಗಳವೇ ಇಲ್ಲ. ಹಿಂದಿನ ಪುಟ ಜಡವಾಗುತ್ತದೆ, ಫೋಕಸ್ ಒಳಗೆ ಬರುತ್ತದೆ, ಎಸ್ಕೇಪ್ ಕೀಲಿಗೆ ಮುಚ್ಚುತ್ತದೆ, ಮುಚ್ಚಿದಾಗ ಫೋಕಸ್ ಮೊದಲಿದ್ದ ಬಟನ್‌ಗೆ ಮರಳುತ್ತದೆ. ಟ್ಯಾಗ್‌ಗೆ ‘ಓಪನ್’ ಎಂಬ ಗುಣವನ್ನು ಕೈಯಾರೆ ಸೇರಿಸಿದರೆ ಇದರಲ್ಲಿ ಯಾವುದೂ ಸಿಗುವುದಿಲ್ಲ. ಅಷ್ಟೇ ಅಲ್ಲ, ಹಾಗೆ ತೆರೆದ ಮೇಲೆ ‘ಶೋಮೋಡಲ್()’ ಕರೆದರೆ ದೋಷ ಬರುತ್ತದೆ. ಒಳಗಿನ ಫಾರ್ಮ್‌ಗೆ ‘ಮೆಥಡ್’ ಬೆಲೆಯಾಗಿ ‘ಡೈಲಾಗ್’ ಎಂದು ಕೊಟ್ಟರೆ ಬಟನ್ ಒತ್ತಿದ ಕೂಡಲೇ ಪೆಟ್ಟಿಗೆ ಮುಚ್ಚಿ, ಆ ಬಟನ್‌ನ ಬೆಲೆ ‘ರಿಟರ್ನ್‌ವ್ಯಾಲ್ಯೂ’ನಲ್ಲಿ ಕೂರುತ್ತದೆ.

ಮುಚ್ಚಿದ ಪೆಟ್ಟಿಗೆ ಕಾಣಿಸಲು ಕಾರಣ ನಿಮ್ಮದೇ ಸಿಎಸ್ಎಸ್. ‘ಡೈಲಾಗ್’ ಸೆಲೆಕ್ಟರ್‌ಗೆ ನೇರವಾಗಿ ‘ಡಿಸ್‌ಪ್ಲೇ: ಫ್ಲೆಕ್ಸ್’ ಬರೆದಿರುತ್ತೀರಿ. ಮುಚ್ಚಿದಾಗ ಮರೆಮಾಡುವ ನಿಯಮ ಬ್ರೌಸರ್‌ನ ಮೂಲ ಶೈಲಿಹಾಳೆಯಲ್ಲಿದೆ, ನಿಮ್ಮ ನಿಯಮ ಅದನ್ನು ಮೀರಿಸುತ್ತದೆ. ‘ಡೈಲಾಗ್[ಓಪನ್]’ ಎಂಬ ಸೆಲೆಕ್ಟರ್‌ಗೆ ಫ್ಲೆಕ್ಸ್ ಬರೆಯಿರಿ, ಅಥವಾ ಒಳಗೊಂದು ಡಿವ್ ಇಟ್ಟು ಅದಕ್ಕೆ ಬರೆಯಿರಿ.

ಬ್ರೌಸರ್ ಮಾಡಿಕೊಡದ ಕೆಲಸವೂ ಇದೆ: ಹಿಂದಿನ ಪುಟ ಸ್ಕ್ರಾಲ್ ಆಗುವುದು ನಿಲ್ಲುವುದಿಲ್ಲ. ‘ಎಚ್‌ಟಿಎಂಎಲ್:ಹ್ಯಾಸ್(ಡೈಲಾಗ್:ಮೋಡಲ್)’ ಸೆಲೆಕ್ಟರ್‌ಗೆ ‘ಓವರ್‌ಫ್ಲೋ: ಹಿಡನ್’ ಕೊಡಿ. ಸ್ಕ್ರಾಲ್ ಪಟ್ಟಿ ಮಾಯವಾಗಿ ಪುಟ ಪಕ್ಕಕ್ಕೆ ಜಿಗಿಯದಂತೆ ‘ಸ್ಕ್ರಾಲ್‌ಬಾರ್-ಗಟರ್: ಸ್ಟೇಬಲ್’ ಸೇರಿಸಿ. ಹೊರಗೆ ಕ್ಲಿಕ್ ಮಾಡಿದರೆ ಮುಚ್ಚಬೇಕು ಎನ್ನುವವರಿಗೆ ‘ಕ್ಲೋಸ್ಡ್‌ಬೈ’ ಗುಣ ಕ್ರೋಮ್ 134ರಲ್ಲಿ ಬಂತು. ಅದಿಲ್ಲದ ಬ್ರೌಸರ್‌ಗಾಗಿ ಕ್ಲಿಕ್‌ನ ಗುರಿ ಡೈಲಾಗ್ ಅಂಶವೇ ಎಂದು ನೋಡಿ ಮುಚ್ಚಬಹುದು. ಆದರೆ ಡೈಲಾಗ್‌ನ ಪ್ಯಾಡಿಂಗ್ ಸೊನ್ನೆ ಮಾಡಿ, ಪ್ಯಾಡಿಂಗ್ ಅನ್ನು ಒಳಗಿನ ಡಿವ್‌ಗೆ ಕೊಟ್ಟಿರಬೇಕು. ಇಲ್ಲದಿದ್ದರೆ ಪೆಟ್ಟಿಗೆಯ ಅಂಚಿನಲ್ಲಿ ಕ್ಲಿಕ್ ಮಾಡಿದವರಿಗೂ ಪೆಟ್ಟಿಗೆ ಮುಚ್ಚಿಹೋಗುತ್ತದೆ.

ಪಾಪ್‌ಓವರ್‌ಗೆ ಜಾವಾಸ್ಕ್ರಿಪ್ಟೇ ಬೇಡ. ಪೆಟ್ಟಿಗೆಗೆ ‘ಪಾಪ್‌ಓವರ್’ ಗುಣ, ಬಟನ್‌ಗೆ ‘ಪಾಪ್‌ಓವರ್‌ಟಾರ್ಗೆಟ್’ ಗುಣದಲ್ಲಿ ಆ ಪೆಟ್ಟಿಗೆಯ ಐಡಿ, ಅಷ್ಟೇ. ಅದು ಮೆನುವೋ ಸೂಚನೆಯೋ ಎಂಬುದು ಮಾತ್ರ ಬ್ರೌಸರ್‌ಗೆ ತಿಳಿಯದು. ಸ್ಕ್ರೀನ್ ರೀಡರ್ ಬಳಸುವವರಿಗಾಗಿ ಸರಿಯಾದ ಟ್ಯಾಗ್ ಅಥವಾ ‘ರೋಲ್’ ಕೊಡುವುದು ನಿಮ್ಮ ಹೊಣೆ. ಇದನ್ನು ದಯವಿಟ್ಟು ಕೊನೆಗೆ ತಳ್ಳಬೇಡಿ.

ತೆರೆಯುವಾಗ ಅನಿಮೇಷನ್ ಬೇಕಿದ್ದರೆ ‘@ಸ್ಟಾರ್ಟಿಂಗ್-ಸ್ಟೈಲ್’ ಇದೆ. ಅದು ಸೆಲೆಕ್ಟರ್‌ನ ತೂಕ (ಯಾವ ನಿಯಮ ಗೆಲ್ಲಬೇಕೆಂದು ತೀರ್ಮಾನಿಸುವ ಬಲ) ಹೆಚ್ಚಿಸುವುದಿಲ್ಲ, ಆದ್ದರಿಂದ ಮೂಲ ನಿಯಮದ ನಂತರವೇ ಬರಬೇಕು. ಮೇಲೆ ಬರೆದರೆ ಸದ್ದಿಲ್ಲದೆ ಸೋಲುತ್ತದೆ.

ಪ್ರಶ್ನೆ: ‘:ಹ್ಯಾಸ್()’ ಬಳಸಿ ತಪ್ಪು ತುಂಬಿದ ಫಾರ್ಮ್‌ಗೆ ಕೆಂಪು ಅಂಚು ಹಾಕಿದೆ. ಪುಟ ತೆರೆದ ಕೂಡಲೇ ಎಲ್ಲವೂ ಕೆಂಪಾಗುತ್ತದೆ.

ಉತ್ತರ: ‘:ಇನ್‌ವ್ಯಾಲಿಡ್’ ಬದಲು ‘:ಯೂಸರ್-ಇನ್‌ವ್ಯಾಲಿಡ್’ ಬರೆಯಿರಿ. ಕಡ್ಡಾಯ ಖಾನೆ ಖಾಲಿ ಇದ್ದರೆ ಮೊದಲನೆಯದು ಆರಂಭದಿಂದಲೇ ನಿಜ. ಎರಡನೆಯದು ಬಳಕೆದಾರ ಆ ಖಾನೆಯಲ್ಲಿ ಏನಾದರೂ ಮಾಡಿ ಹೊರಬಂದ ಮೇಲೆ, ಅಥವಾ ಫಾರ್ಮ್ ಕಳಿಸಲು ಯತ್ನಿಸಿದ ಮೇಲೆ ಮಾತ್ರ ನಿಜವಾಗುತ್ತದೆ. ಇನ್ನು, ‘:ಹ್ಯಾಸ್()’ ಒಳಗೆ ಮತ್ತೊಂದು ‘:ಹ್ಯಾಸ್()’ ನಡೆಯುವುದಿಲ್ಲ, ಒಳಗೆ ಐಡಿ ಬರೆದರೆ ಇಡೀ ಸೆಲೆಕ್ಟರ್‌ಗೆ ಐಡಿಯ ತೂಕ ಬರುತ್ತದೆ. ‘ಬಾಡಿ:ಹ್ಯಾಸ್(...)’ ಎಂದು ಅತಿ ಅಗಲವಾಗಿ ಶುರುಮಾಡುವುದಕ್ಕಿಂತ ಫಾರ್ಮ್‌ನಿಂದಲೇ ಶುರುಮಾಡಿದರೆ ಬ್ರೌಸರ್‌ಗೆ ಹುಡುಕುವ ಕೆಲಸ ಕಡಿಮೆ.

ಪ್ರಶ್ನೆ: ನಮ್ಮ ತಾಣದಲ್ಲಿ ಸರ್ವಿಸ್ ವರ್ಕರ್ ಇದೆ. ಹೊಸ ಆವೃತ್ತಿ ಏರಿಸಿದ ಮೇಲೂ ಕೆಲವರಿಗೆ ಹಳೆಯ ಪುಟವೇ ಕಾಣುತ್ತದೆ. ರಿಫ್ರೆಶ್ ಮಾಡಿದರೂ ಬದಲಾಗುವುದಿಲ್ಲ. ‘ಸ್ಕಿಪ್‌ವೇಟಿಂಗ್’ ಹಾಕಿದೆವು, ಆಗ ಕೆಲವರಿಗೆ ಪುಟ ಅರ್ಧಕ್ಕೇ ನಿಲ್ಲತೊಡಗಿತು.

ಉತ್ತರ: ಸರ್ವಿಸ್ ವರ್ಕರ್ ಎಂದರೆ ಪುಟ ಮತ್ತು ನೆಟ್‌ವರ್ಕ್ ನಡುವೆ ನಿಂತು, ಕ್ಯಾಶ್‌ನಿಂದ (ಉಳಿಸಿಟ್ಟ ಪ್ರತಿಗಳಿಂದ) ಉತ್ತರ ಕೊಡಬಲ್ಲ ಸ್ಕ್ರಿಪ್ಟ್. ನೀವು ಹೇಳಿದ ಎರಡೂ ಅದರ ಸಹಜ ನಡವಳಿಕೆ. ಬ್ರೌಸರ್ ಹೊಸ ವರ್ಕರ್ ಫೈಲನ್ನು ತಂದು ಹಳೆಯದರೊಂದಿಗೆ ಬೈಟ್ ಬೈಟ್ ಹೋಲಿಸುತ್ತದೆ. ವ್ಯತ್ಯಾಸವಿದ್ದರೆ ಹೊಸದನ್ನು ಸ್ಥಾಪಿಸಿ ಕಾಯಲು ಬಿಡುತ್ತದೆ. ಹಳೆಯ ವರ್ಕರ್‌ನ ಹಿಡಿತದಲ್ಲಿರುವ ಎಲ್ಲ ಟ್ಯಾಬ್‌ಗಳೂ ಮುಚ್ಚುವವರೆಗೆ ಹೊಸದಕ್ಕೆ ಅಧಿಕಾರವಿಲ್ಲ. ರಿಫ್ರೆಶ್ ಮಾಡುವಾಗ ಹೊಸ ಪುಟದ ಉತ್ತರ ಬರತೊಡಗುವವರೆಗೆ ಹಳೆಯ ಪುಟ ಉಳಿದಿರುತ್ತದೆ, ಹಾಗಾಗಿ ಹಿಡಿತ ಒಂದು ಕ್ಷಣವೂ ತಪ್ಪುವುದಿಲ್ಲ. ಒಂದೇ ಟ್ಯಾಬ್ ಇದ್ದರೂ ರಿಫ್ರೆಶ್ ಸಾಲದು ಎಂಬುದಕ್ಕೆ ಕಾರಣ ಇದು.

‘ಸ್ಕಿಪ್‌ವೇಟಿಂಗ್’ ಈ ಕಾಯುವಿಕೆಯನ್ನು ಮುರಿಯುತ್ತದೆ. ಆದರೆ ತೆರೆದಿರುವ ಪುಟದ ಎಚ್‌ಟಿಎಂಎಲ್ ಹಳೆಯದು, ಈಗ ಉತ್ತರಿಸುತ್ತಿರುವ ವರ್ಕರ್ ಹೊಸದು. ಹಳೆಯ ಪುಟ ತಡವಾಗಿ ಕೇಳುವ ಸ್ಕ್ರಿಪ್ಟ್ ತುಂಡು ಹಳೆಯ ಕ್ಯಾಶ್‌ನಲ್ಲಿತ್ತು. ಹೊಸ ವರ್ಕರ್ ಸಕ್ರಿಯವಾಗುವಾಗ ಅದನ್ನು ಅಳಿಸಿತು, ಸರ್ವರ್‌ನಲ್ಲೂ ಆ ಫೈಲ್ ಈಗಿಲ್ಲ. 404 ಬರುತ್ತದೆ, ಪುಟ ಅಲ್ಲಿಗೇ ನಿಲ್ಲುತ್ತದೆ.

ಹೀಗೆ ಮಾಡಿ. ಹೊಸ ವರ್ಕರ್ ಕಾಯುತ್ತಿದೆ ಎಂದು ತಿಳಿದಾಗ ಪುಟದಲ್ಲಿ ‘ಹೊಸ ಆವೃತ್ತಿ ಸಿದ್ಧವಿದೆ’ ಎಂಬ ಪಟ್ಟಿ ತೋರಿಸಿ. ಬಳಕೆದಾರ ಒಪ್ಪಿದಾಗ ‘ಪೋಸ್ಟ್‌ಮೆಸೇಜ್’ ಮೂಲಕ ವರ್ಕರ್‌ಗೆ ಹೇಳಿ, ಅದು ಆಗ ‘ಸ್ಕಿಪ್‌ವೇಟಿಂಗ್’ ಕರೆಯಲಿ. ಪುಟದಲ್ಲಿ ‘ಕಂಟ್ರೋಲರ್‌ಚೇಂಜ್’ ಘಟನೆ ಬಂದಾಗ ಒಮ್ಮೆ ಮಾತ್ರ ರೀಲೋಡ್ ಮಾಡಿ. ‘ಒಮ್ಮೆ ಮಾತ್ರ’ ಎಂಬುದಕ್ಕೆ ಒಂದು ಗುರುತು ಇಟ್ಟುಕೊಳ್ಳದಿದ್ದರೆ ರೀಲೋಡ್ ಮರುಕಳಿಸುವ ಅಪಾಯವಿದೆ. ಎಚ್‌ಟಿಎಂಎಲ್ ಅನ್ನು ಮೊದಲು ನೆಟ್‌ವರ್ಕ್‌ನಿಂದ, ಸಿಗದಿದ್ದರೆ ಕ್ಯಾಶ್‌ನಿಂದ ಕೊಡಿ. ಹೆಸರಿನಲ್ಲೇ ಹ್ಯಾಶ್ (ಒಳಗಿನದು ಬದಲಾದರೆ ಬದಲಾಗುವ ಗುರುತು) ಇರುವ ಫೈಲ್‌ಗಳನ್ನು ಮೊದಲು ಕ್ಯಾಶ್‌ನಿಂದ ಕೊಡಿ. ಹಿಂದಿನ ಬಿಡುಗಡೆಯ ಸ್ಕ್ರಿಪ್ಟ್ ಫೈಲ್‌ಗಳನ್ನು ಸರ್ವರ್‌ನಲ್ಲಿ ಕೆಲ ದಿನ ಉಳಿಸಿಕೊಂಡರೆ ಅರ್ಧ ತಲೆನೋವು ಅಲ್ಲೇ ತೀರುತ್ತದೆ.

ವರ್ಕರ್ ಫೈಲ್‌ನ ಹೆಸರನ್ನು ಮಾತ್ರ ಎಂದೂ ಬದಲಿಸಬೇಡಿ. ಕ್ಯಾಶ್‌ನಲ್ಲಿರುವ ಹಳೆಯ ಪುಟ ಹಳೆಯ ಹೆಸರನ್ನೇ ನೋಂದಾಯಿಸುತ್ತಿರುತ್ತದೆ, ಹೊಸ ಹೆಸರು ಅದಕ್ಕೆ ತಿಳಿಯುವ ದಾರಿಯೇ ಇರುವುದಿಲ್ಲ. ಸರ್ವಿಸ್ ವರ್ಕರ್ ಬೇಡವೆಂದು ಫೈಲ್ ಅಳಿಸುವುದೂ ತಪ್ಪು. ಫೈಲ್ ಸಿಗದಿದ್ದರೆ ಬ್ರೌಸರ್ ಹಳೆಯದನ್ನೇ ಮುಂದುವರಿಸುತ್ತದೆ. ಅದೇ ಹೆಸರಿನಲ್ಲಿ, ಕಾಯದೆ ಸಕ್ರಿಯವಾಗಿ ತನ್ನ ಕ್ಯಾಶ್‌ಗಳನ್ನು ಅಳಿಸಿ ‘ಅನ್‌ರಿಜಿಸ್ಟರ್’ ಕರೆಯುವ ಪುಟ್ಟ ವರ್ಕರ್ ಏರಿಸಿ.

ಸ್ಥಾಪನೆಯೇ ಆಗುತ್ತಿಲ್ಲ ಎಂದಾದರೆ ಕ್ಯಾಶ್‌ಗೆ ಫೈಲ್‌ಗಳನ್ನು ಒಟ್ಟಿಗೆ ಸೇರಿಸುವ ‘ಆಡ್‌ಆಲ್’ ಪಟ್ಟಿ ನೋಡಿ. ಅದರಲ್ಲಿ ಒಂದು ಫೈಲ್ ಸಿಗದಿದ್ದರೂ ಇಡೀ ಸ್ಥಾಪನೆ ವಿಫಲ. ಬೇರೆ ಡೊಮೇನ್‌ನ ಚಿತ್ರಗಳನ್ನು ಕಾರ್ಸ್ (ಬೇರೆ ತಾಣ ಓದಲು ಸರ್ವರ್ ಕೊಡುವ ಅನುಮತಿ) ಇಲ್ಲದೆ ಕ್ಯಾಶ್ ಮಾಡುವಾಗಲೂ ಎಚ್ಚರ: ಅಂಥ ಒಂದೊಂದು ಉತ್ತರವನ್ನೂ ಕ್ರೋಮ್ ಸುಮಾರು 7 ಎಂಬಿ ಎಂದು ಲೆಕ್ಕ ಹಾಕುವುದರಿಂದ ಜಾಗ ಬೇಗ ಮುಗಿಯುತ್ತದೆ.

ಪ್ರಶ್ನೆ: ಎಲ್ಲ ಚಿತ್ರಗಳಿಗೂ ‘ಲೋಡಿಂಗ್’ ಗುಣದಲ್ಲಿ ‘ಲೇಜಿ’ ಕೊಟ್ಟೆ. ವೇಗದ ಅಂಕ ಏರುವ ಬದಲು ಇಳಿದಿದೆ. ಐಎನ್‌ಪಿ ಎಂಬ ಅಂಕವೂ ಕೆಂಪಾಗಿದೆ.

ಉತ್ತರ: ತೆರೆಯಲ್ಲಿ ಮೊದಲು ಕಾಣುವ ದೊಡ್ಡ ಚಿತ್ರಕ್ಕೂ ‘ಲೇಜಿ’ ಬಿದ್ದಿದೆ. ಸಾಮಾನ್ಯವಾಗಿ ಬ್ರೌಸರ್ ಎಚ್‌ಟಿಎಂಎಲ್ ಬರುತ್ತಿದ್ದಂತೆಯೇ ಚಿತ್ರಗಳ ವಿಳಾಸ ಹೆಕ್ಕಿ ತರಿಸತೊಡಗುತ್ತದೆ. ‘ಲೇಜಿ’ ಇದ್ದರೆ ಸಿಎಸ್ಎಸ್ ಬಂದು, ಲೇಔಟ್ ಮುಗಿದು, ಚಿತ್ರ ತೆರೆಯೊಳಗೆ ಬರುತ್ತದೆಯೇ ಎಂದು ತಿಳಿಯುವವರೆಗೆ ಕಾಯುತ್ತದೆ. ಆ ಒಂದು ಚಿತ್ರದಿಂದ ‘ಲೇಜಿ’ ತೆಗೆದು ‘ಫೆಚ್‌ಪ್ರಯಾರಿಟಿ’ ಬೆಲೆ ‘ಹೈ’ ಮಾಡಿ. ಇದು ಪುಟಕ್ಕೆ ಒಂದೇ ಚಿತ್ರಕ್ಕೆ ಇರಲಿ, ಹತ್ತಕ್ಕೆ ಕೊಟ್ಟರೆ ಯಾವುದಕ್ಕೂ ಆದ್ಯತೆ ಸಿಗದು. ಪ್ರತಿ ಚಿತ್ರಕ್ಕೂ ಅಗಲ, ಎತ್ತರದ ಗುಣ ಬರೆದರೆ ಪುಟ ಕುಪ್ಪಳಿಸುವುದು ನಿಲ್ಲುತ್ತದೆ. ದೊಡ್ಡ ಚಿತ್ರವನ್ನು ಸಿಎಸ್ಎಸ್ ಹಿನ್ನೆಲೆಯಾಗಿ ಹಾಕಿದ್ದರೆ ಚಿತ್ರದ ಟ್ಯಾಗ್‌ಗೆ ಬದಲಿಸಿ. ಹಿನ್ನೆಲೆ ಚಿತ್ರದ ಸುಳಿವು ಬ್ರೌಸರ್‌ಗೆ ತಡವಾಗಿಯೇ ಸಿಗುತ್ತದೆ.

ಐಎನ್‌ಪಿ ಬೇರೆಯೇ ವಿಷಯ. 2024ರ ಮಾರ್ಚ್ 12ರಿಂದ ಅದು ಮೊದಲ ಮುಟ್ಟುವಿಕೆಯ ತಡವನ್ನಷ್ಟೇ ಅಳೆಯುತ್ತಿದ್ದ ಹಳೆಯ ಎಫ್‌ಐಡಿ ಅಳತೆಯ ಜಾಗಕ್ಕೆ ಬಂದಿದೆ. ಬಳಕೆದಾರ ಮುಟ್ಟಿದ ಕ್ಷಣದಿಂದ ತೆರೆಯಲ್ಲಿ ಮುಂದಿನ ಚಿತ್ರಣ ಬರುವವರೆಗಿನ ಸಮಯ ಅದು. ನೂರರಲ್ಲಿ 75 ಭೇಟಿಗಳಲ್ಲಿ 200 ಮಿಲಿಸೆಕೆಂಡ್ ಒಳಗಿದ್ದರೆ ಒಳ್ಳೆಯದು, 500 ದಾಟಿದರೆ ಕಳಪೆ. ನಿಜವಾದ ಬಳಕೆದಾರರ ಮುಟ್ಟುವಿಕೆಯೇ ಇದರ ಆಧಾರವಾದ್ದರಿಂದ, ಪುಟವನ್ನು ತೆರೆದು ಅಳೆದು ಮುಗಿಸುವ ಉಪಕರಣಗಳಲ್ಲಿ ಇದು ಸಿಗುವುದಿಲ್ಲ. ಕ್ಲಿಕ್ ಹ್ಯಾಂಡ್ಲರ್‌ನಲ್ಲಿ ಕಣ್ಣಿಗೆ ಕಾಣುವ ಬದಲಾವಣೆಯನ್ನು ಮೊದಲು ಮಾಡಿ. ಆಮೇಲೆ ‘ಷೆಡ್ಯೂಲರ್.ಯೀಲ್ಡ್()’ ಇದ್ದರೆ ಅದಕ್ಕೆ, ಇಲ್ಲದಿದ್ದರೆ ‘ಸೆಟ್‌ಟೈಮ್ಔಟ್’ಗೆ ದಾರಿ ಬಿಟ್ಟು, ಅಂಕಿಅಂಶ ಕಳಿಸುವುದು, ಉಳಿಸುವುದು ಮುಂತಾದ ಕೆಲಸ ಮುಂದುವರಿಸಿ. 50 ಮಿಲಿಸೆಕೆಂಡ್ ಮೀರಿದ ಒಂದೇ ಕೆಲಸ ಎಲ್ಲಿದೆ ಎಂದು ಪರ್ಫಾರ್ಮೆನ್ಸ್ ಟ್ಯಾಬ್ ತೋರಿಸುತ್ತದೆ. ಅದನ್ನು ಒಡೆಯುವುದೇ ಮದ್ದು.

ಪ್ರಶ್ನೆ: ಪುಟದಿಂದ ಪುಟಕ್ಕೆ ಹೋಗುವಾಗ ವ್ಯೂ ಟ್ರಾನ್ಸಿಷನ್ (ನೋಟ ಬದಲಾಗುವಾಗಿನ ಅನಿಮೇಷನ್) ಕೆಲವೊಮ್ಮೆ ಮಾತ್ರ ಕೆಲಸ ಮಾಡುತ್ತದೆ.

ಉತ್ತರ: ‘@ವ್ಯೂ-ಟ್ರಾನ್ಸಿಷನ್’ ನಿಯಮ ಎರಡೂ ಪುಟಗಳ ಸಿಎಸ್ಎಸ್‌ನಲ್ಲಿರಬೇಕು, ಎರಡೂ ಒಂದೇ ಆರಿಜಿನ್‌ನವಾಗಿರಬೇಕು (ಪ್ರೋಟೊಕಾಲ್, ಡೊಮೇನ್, ಪೋರ್ಟ್ ಮೂರೂ ಒಂದೇ). ರೀಲೋಡ್ ಮಾಡಿದಾಗ, ವಿಳಾಸಪಟ್ಟಿಯಲ್ಲಿ ಟೈಪ್ ಮಾಡಿ ಹೋದಾಗ ಅದು ಓಡುವುದಿಲ್ಲ, ಹಾಗೆಯೇ ವಿಧಿಸಿದ್ದಾರೆ. ಇವೆಲ್ಲ ಸರಿಯಿದ್ದೂ ನಿಂತರೆ ‘ವ್ಯೂ-ಟ್ರಾನ್ಸಿಷನ್-ನೇಮ್’ ನೋಡಿ. ಒಂದೇ ಪುಟದಲ್ಲಿ ಕಾಣುವ ಎರಡು ಅಂಶಗಳಿಗೆ ಒಂದೇ ಹೆಸರಿದ್ದರೆ ಇಡೀ ಟ್ರಾನ್ಸಿಷನ್ ರದ್ದಾಗುತ್ತದೆ. ಪಟ್ಟಿಯ ಎಲ್ಲ ಕಾರ್ಡ್‌ಗಳಿಗೂ ಒಂದೇ ಕ್ಲಾಸ್ ಮೂಲಕ ಹೆಸರು ಕೊಟ್ಟವರಿಗೆ ಇದು ಗ್ಯಾರಂಟಿ. ಐಡಿಯಿಂದ ಬೇರೆ ಬೇರೆ ಹೆಸರು ಕೊಡಿ. ಕಡಿಮೆ ಚಲನೆ ಬೇಕೆಂದು ಸಾಧನದಲ್ಲಿ ಆರಿಸಿಕೊಂಡವರಿಗೆ ‘ಪ್ರಿಫರ್ಸ್-ರಿಡ್ಯೂಸ್ಡ್-ಮೋಷನ್’ ಮೂಲಕ ಅದನ್ನು ಪೂರ್ತಿ ನಿಲ್ಲಿಸಿ. ತಲೆಸುತ್ತು ಬರುವವರಿಗೆ ಇದು ಅಲಂಕಾರದ ಪ್ರಶ್ನೆಯಲ್ಲ.

ಪ್ರಶ್ನೆ: ಫಾರ್ಮ್‌ನಲ್ಲಿ 50 ಅಕ್ಷರಗಳ ಮಿತಿ ಇಟ್ಟರೆ ಕನ್ನಡದಲ್ಲಿ ಬರೆಯುವವರಿಗೆ ಇಪ್ಪತ್ತು ಚಿಲ್ಲರೆಗೇ ನಿಲ್ಲುತ್ತದೆ. ಹುಡುಕಾಟದಲ್ಲೂ ಕಣ್ಣಿಗೆ ಒಂದೇ ರೀತಿ ಕಾಣುವ ಪದ ಸಿಗುವುದಿಲ್ಲ.

ಉತ್ತರ: ‘ಮ್ಯಾಕ್ಸ್‌ಲೆಂತ್’ ಎಣಿಸುವುದು ಕಂಪ್ಯೂಟರ್ ಪಠ್ಯವನ್ನು ಬರೆದಿಡುವ ಯುಟಿಎಫ್-16 ಸಂಕೇತದ ಘಟಕಗಳನ್ನು, ನಮ್ಮ ಅಕ್ಷರಗಳನ್ನಲ್ಲ. ‘ಕ್ಷಮೆ’ ಎಂಬ ಪದ ಓದುವವರಿಗೆ ಎರಡು ಅಕ್ಷರ. ಕಂಪ್ಯೂಟರ್‌ಗೆ ಅದು ಕ, ವಿರಾಮ ಚಿಹ್ನೆ (ವ್ಯಂಜನದ ಅ-ಕಾರ ತೆಗೆಯುವ ಗುರುತು), ಷ, ಮ, ಎ-ಕಾರದ ಚಿಹ್ನೆ ಸೇರಿ ಐದು. ಯುಟಿಎಫ್-8ರಲ್ಲಿ ಉಳಿಸಿದರೆ ಒಂದಕ್ಕೆ ಮೂರರಂತೆ 15 ಬೈಟ್. ಡೇಟಾಬೇಸ್‌ನ ಮಿತಿ ಬೈಟ್‌ಗಳಲ್ಲಿದ್ದರೆ ಅದನ್ನೂ ಲೆಕ್ಕ ಹಾಕಿ.

ಪಠ್ಯವನ್ನು ಅಕ್ಷರಗಳಾಗಿ ತುಂಡರಿಸುವ ‘ಇಂಟಲ್.ಸೆಗ್ಮೆಂಟರ್’ 2024ರ ಏಪ್ರಿಲ್‌ನ ಫೈರ್‌ಫಾಕ್ಸ್ 125ರೊಂದಿಗೆ ಎಲ್ಲ ಎಂಜಿನ್‌ಗಳಲ್ಲೂ ಸಿಗುತ್ತದೆ. ಆದರೆ ಅದನ್ನೇ ನಂಬಿದರೆ ‘ಕ್ಷಮೆ’ಗೆ ಮೂರು ಎನ್ನುತ್ತದೆ: ಕ್, ಷ, ಮೆ. ದೇವನಾಗರಿ, ತೆಲುಗು, ಮಲಯಾಳಂ ಮೊದಲಾದ ಲಿಪಿಗಳ ಒತ್ತಕ್ಷರಗಳನ್ನು ಒಂದಾಗಿ ಹಿಡಿಯುವ ನಿಯಮ ಯೂನಿಕೋಡ್ 15.1ರಲ್ಲಿ ಬಂತು, ಕನ್ನಡವನ್ನು ಅದರಲ್ಲಿ ಸೇರಿಸಿರಲಿಲ್ಲ. ಹಾಗಾಗಿ ಒಂದು ಹೆಜ್ಜೆ ನಾವೇ ಸೇರಿಸಬೇಕು. ಸೆಗ್ಮೆಂಟರ್ ಕೊಟ್ಟ ತುಂಡು ವಿರಾಮ ಚಿಹ್ನೆಯಲ್ಲಿ (ಯು+0ಸಿಸಿಡಿ), ಅಥವಾ ಅದರ ಮುಂದೆ ಕಣ್ಣಿಗೆ ಕಾಣದ ಜೋಡಕ ಇದ್ದರೆ ಆ ಜೋಡಕದಲ್ಲಿ (ಯು+200ಡಿ) ಮುಗಿದು, ಮುಂದಿನ ತುಂಡು ವ್ಯಂಜನದಿಂದ ಶುರುವಾದರೆ ಎರಡನ್ನೂ ಕೂಡಿಸಿ. ತುಂಡು ಅಷ್ಟೇ ಅಗೋಚರವಾದ ಬೇರ್ಪಡಕದಲ್ಲಿ (ಯು+200ಸಿ) ಮುಗಿದರೆ ಕೂಡಿಸಬೇಡಿ. ‘ಸಾಫ್ಟ್‌ವೇರ್’ ಪದದಲ್ಲಿ ಟ್ ಮತ್ತು ವೇ ಬೇರೆಯಾಗಿ ನಿಲ್ಲುವುದು ಆ ಬೇರ್ಪಡಕದಿಂದಲೇ.

ಹುಡುಕಾಟದ ತೊಂದರೆಗೆ ಎರಡು ಮೂಲಗಳಿವೆ. ‘ಕೊ’ ಎಂಬುದನ್ನು ಕ ಮತ್ತು ಒ-ಕಾರದ ಒಂದೇ ಚಿಹ್ನೆಯಾಗಿ ಬರೆಯಬಹುದು. ಕ, ಎ-ಕಾರ, ಊ-ಕಾರದ ಚಿಹ್ನೆಗಳಾಗಿಯೂ ಬರೆಯಬಹುದು. ಕಾಣುವುದು ಒಂದೇ, ಹೋಲಿಸಿದರೆ ಬೇರೆ. ಉಳಿಸುವಾಗಲೂ ಹುಡುಕುವಾಗಲೂ ‘ನಾರ್ಮಲೈಸ್’ ಮೆಥಡ್‌ಗೆ ‘ಎನ್‌ಎಫ್‌ಸಿ’ (ಎರಡೂ ಬಗೆಯನ್ನು ಒಂದೇ ಕೂಡಿದ ರೂಪಕ್ಕೆ ತರುವ ಆಯ್ಕೆ) ಕೊಟ್ಟು ಕರೆಯಿರಿ. ಎರಡನೆಯದು ಬೇರ್ಪಡಕ ಮತ್ತು ಜೋಡಕ. ನಾರ್ಮಲೈಸ್ ಅವನ್ನು ಮುಟ್ಟುವುದಿಲ್ಲ. ಹುಡುಕಾಟದ ಸೂಚಿಯಲ್ಲೂ ಬಳಕೆದಾರ ಟೈಪ್ ಮಾಡಿದ ಪದದಲ್ಲೂ ಅವೆರಡನ್ನು ತೆಗೆದುಹಾಕಿ ಹೋಲಿಸಿ. ತೋರಿಸುವ ಪಠ್ಯದಿಂದ ಮಾತ್ರ ಎಂದೂ ತೆಗೆಯಬೇಡಿ, ಬರೆದವರ ಕಾಗುಣಿತವೇ ಕೆಡುತ್ತದೆ.

ವೆಬ್‌ಫಾಂಟ್ ಕಿರಿದು ಮಾಡುವವರಿಗೂ ಇದೇ ಎಚ್ಚರಿಕೆ. ‘ಯೂನಿಕೋಡ್-ರೇಂಜ್’ನಲ್ಲಿ ಯು+0ಸಿ80ರಿಂದ ಯು+0ಸಿಎಫ್‌ಎಫ್‌ವರೆಗೆ ಮಾತ್ರ ಬರೆದು ಯು+200ಸಿ, ಯು+200ಡಿ ಬಿಟ್ಟರೆ ‘ರ್‍ಯಾಂಕ್’ನಂಥ ಪದಗಳು ಒಡೆದು ಕಾಣಬಹುದು. ಒತ್ತಕ್ಷರ ಕೂಡಿಸುವ ನಿಯಮಗಳು ಫಾಂಟ್‌ನ ಜಿಎಸ್‌ಯುಬಿ ಕೋಷ್ಟಕದಲ್ಲಿವೆ. ಕತ್ತರಿಸುವ ಉಪಕರಣ ಅದನ್ನು ಉಳಿಸಿದೆಯೇ ಎಂದು ‘ಸ್ತ್ರೀ’, ‘ರಾಷ್ಟ್ರ’, ‘ಅರ್ಘ್ಯ’ ಬರೆದು ನೋಡಿ.

ಪ್ರಶ್ನೆ: ಲೋಕಲ್‌ಸ್ಟೋರೇಜ್‌ನಲ್ಲಿ ಉಳಿಸಿದ ಕರಡುಗಳು ಐಫೋನ್ ಬಳಸುವ ಕೆಲವರಿಗೆ ಕಳೆದುಹೋಗುತ್ತಿವೆ.

ಉತ್ತರ: ನಿಮ್ಮ ತಾಣವನ್ನು ಬಳಕೆದಾರ ಮುಟ್ಟದೆ, ಸಫಾರಿಯನ್ನು ಏಳು ದಿನ ಬಳಸಿದರೆ ಸ್ಕ್ರಿಪ್ಟ್ ಬರೆದ ಸಂಗ್ರಹವನ್ನೆಲ್ಲ ಅದು ಅಳಿಸುತ್ತದೆ. ಬ್ರೌಸರ್‌ನ ಒಳಗಿನ ಡೇಟಾಬೇಸ್ ಆದ ಇಂಡೆಕ್ಸ್ಡ್‌ಡಿಬಿಗೂ ಇದೇ ನಿಯಮ. ಹೋಮ್ ಸ್ಕ್ರೀನ್‌ಗೆ ಸೇರಿಸಿಕೊಂಡ ವೆಬ್ ಆ್ಯಪ್‌ಗಳಿಗೆ ಈ ನಿಯಮದಿಂದ ವಿನಾಯಿತಿ ಇದೆ. ಬೆಲೆಯುಳ್ಳ ಬರಹವನ್ನು ಸರ್ವರ್‌ಗೂ ಕಳಿಸಿ, ಬ್ರೌಸರ್‌ನಲ್ಲಿರುವುದನ್ನು ತಾತ್ಕಾಲಿಕ ಪ್ರತಿ ಎಂದೇ ಭಾವಿಸಿ. ಲೋಕಲ್‌ಸ್ಟೋರೇಜ್‌ನ ಮಿತಿ ಸುಮಾರು 5 ಎಂಬಿ, ಬರೆಯುವಾಗ ಪುಟವನ್ನು ತಡೆಹಿಡಿಯುತ್ತದೆ. ಕರಡುಗಳಿಗೆ ಇಂಡೆಕ್ಸ್ಡ್‌ಡಿಬಿಯೇ ವಾಸಿ. ಒಂದು ಟ್ರಾನ್ಸಾಕ್ಷನ್ ತೆರೆದು ಮಧ್ಯದಲ್ಲಿ ‘ಫೆಚ್’ಗಾಗಿ ಕಾಯಬೇಡಿ, ಮಾಡಲು ಕೆಲಸವಿಲ್ಲದ ಟ್ರಾನ್ಸಾಕ್ಷನ್ ತಾನಾಗಿ ಮುಗಿದುಹೋಗುತ್ತದೆ, ಮುಂದಿನ ಸಾಲು ದೋಷ ಕೊಡುತ್ತದೆ. ಬೇಕಾದ್ದನ್ನೆಲ್ಲ ಮೊದಲು ತರಿಸಿಕೊಂಡು ಆಮೇಲೆ ಟ್ರಾನ್ಸಾಕ್ಷನ್ ತೆರೆಯಿರಿ.

ಪ್ರಶ್ನೆ: ಲಾಗ್ಔಟ್ ಆದ ಮೇಲೆ ‘ಹಿಂದೆ’ ಒತ್ತಿದರೆ ಲಾಗಿನ್ ಆಗಿದ್ದ ಪುಟವೇ ಕಾಣುತ್ತದೆ. ‘ಲೋಡ್’ ಘಟನೆಯೂ ಓಡುವುದಿಲ್ಲ.

ಉತ್ತರ: ಪುಟ ಮತ್ತೆ ಲೋಡ್ ಆಗಿಲ್ಲ. ಬ್ರೌಸರ್ ಅದನ್ನು ಜಾವಾಸ್ಕ್ರಿಪ್ಟ್‌ನ ಸ್ಥಿತಿಯೊಂದಿಗೆ ನೆನಪಿನಲ್ಲಿ ಹಾಗೆಯೇ ಹಿಡಿದಿಟ್ಟು ಮರಳಿ ತಂದಿದೆ. ಇದು ಬಿಎಫ್‌ಕ್ಯಾಶ್; ‘ಹಿಂದೆ’ ಒತ್ತಿದಾಗ ಪುಟ ಕ್ಷಣದಲ್ಲಿ ಬರುವುದು ಇದರಿಂದಲೇ, ಹಾಗಾಗಿ ಅದನ್ನು ಕೆಡಿಸುವ ಬದಲು ಅದಕ್ಕೆ ಹೊಂದಿಕೊಳ್ಳಿ. ‘ಪೇಜ್‌ಶೋ’ ಘಟನೆಯಲ್ಲಿ ‘ಪರ್ಸಿಸ್ಟೆಡ್’ ನಿಜವಾಗಿದ್ದರೆ ಲಾಗಿನ್ ಗುರುತಿನ ಕುಕಿ ಅಥವಾ ಸರ್ವರ್‌ನ ಉತ್ತರ ನೋಡಿ, ಬಳಕೆದಾರ ಬದಲಾಗಿದ್ದರೆ ರೀಲೋಡ್ ಮಾಡಿ. ‘ಅನ್‌ಲೋಡ್’ ಘಟನೆಗೆ ಏನನ್ನೂ ಕಟ್ಟಬೇಡಿ, ಡೆಸ್ಕ್‌ಟಾಪ್‌ನ ಕ್ರೋಮ್ ಮತ್ತು ಫೈರ್‌ಫಾಕ್ಸ್‌ನಲ್ಲಿ ಅದೊಂದೇ ಬಿಎಫ್‌ಕ್ಯಾಶ್ ತಪ್ಪಿಸಲು ಸಾಕು. ಆ ಕೆಲಸವನ್ನು ‘ಪೇಜ್‌ಹೈಡ್’ಗೆ ಸಾಗಿಸಿ. ಕ್ರೋಮ್‌ನ ಡೆವ್‌ಟೂಲ್ಸ್‌ನಲ್ಲಿ ಅಪ್ಲಿಕೇಷನ್ ವಿಭಾಗದ ಕೆಳಗೆ ಬ್ಯಾಕ್/ಫಾರ್ವರ್ಡ್ ಕ್ಯಾಶ್ ಎಂಬ ಪರೀಕ್ಷೆ ಇದೆ. ಪುಟ ಬಿಎಫ್‌ಕ್ಯಾಶ್‌ಗೆ ಸೇರದಿದ್ದರೆ ಯಾವ ಕಾರಣಕ್ಕೆ ಎಂದು ಅದು ಪಟ್ಟಿ ಕೊಡುತ್ತದೆ. ಮೂರನೆಯವರ ಸ್ಕ್ರಿಪ್ಟ್ ಸದ್ದಿಲ್ಲದೆ ‘ಅನ್‌ಲೋಡ್’ ಸೇರಿಸಿದ್ದರೂ ಅಲ್ಲಿ ಸಿಕ್ಕಿಬೀಳುತ್ತದೆ.